ಎರಡು ಯಂತ್ರಗಳಿಗೆ ಒಂದೇ ಕೋಡ್

ನಾನು ರಾಯಚೂರಿನ ಕಾಲೇಜೊಂದರಲ್ಲಿ ಕಂಪ್ಯೂಟರ್ ಪಾಠ ಮಾಡುತ್ತೇನೆ. ಜೊತೆಗೆ ಓದಿದ ಗೆಳತಿಯೊಬ್ಬಳು ಮಾನ್ವಿಯಲ್ಲಿದ್ದಾಳೆ. ಅಪ್ಪನ ಬಟ್ಟೆ ಅಂಗಡಿಯ ಮೇಲಿನ ಕೋಣೆಯಲ್ಲಿ ಕೂತು ಪ್ರೋಗ್ರಾಂ ಬರೆಯುತ್ತಾಳೆ. ಯಾರು ಬೇಕಾದರೂ ತಿದ್ದಬಹುದಾದ ಒಂದು ಆಪರೇಟಿಂಗ್ ಸಿಸ್ಟಂಗೆ ನಾವಿಬ್ಬರೂ ಬಿಡುವಿನಲ್ಲಿ ಕೆಲಸ ಮಾಡುತ್ತಿದ್ದೆವು. ನಮ್ಮ ಪಾಲಿಗೆ ಬಂದದ್ದು ಬೂಟ್‌ಲೋಡರ್: ಸ್ವಿಚ್ ಒತ್ತಿದಾಗ ಮೊದಲು ಎದ್ದು, ಸಿಸ್ಟಂ ಎಲ್ಲಿದೆ ಎಂದು ಹುಡುಕಿ ಅದನ್ನು ಎಬ್ಬಿಸುವ ಪುಟ್ಟ ಪ್ರೋಗ್ರಾಂ.

ನನ್ನದು ಮಾಮೂಲಿ ಲ್ಯಾಪ್‌ಟಾಪ್. ಅವಳದು ಅಂಗೈಯಗಲದ ಕಂಪ್ಯೂಟರ್ ಬೋರ್ಡು, ಅದರ ಪ್ರೊಸೆಸರ್ ಬೇರೆಯೇ ಬಗೆಯದು. ಡಿಸ್ಕಿನ ಹೆಸರು ಓದುವ ಕೋಡನ್ನು ಹಿಂದೆ ಯಾರೋ ಒಂದು ಬಗೆಯ ಯಂತ್ರದ ಬೂಟ್‌ಲೋಡರಿನಿಂದ ಇನ್ನೊಂದರದಕ್ಕೆ ನಕಲು ಮಾಡಿದ್ದರು. ಆ ಹೆಸರಿನ ಕೊನೆಯಲ್ಲಿ ಬರುವ ಡಿಸ್ಕಿನ ಭಾಗದ ಸಂಖ್ಯೆ ಒಂಬತ್ತು ದಾಟಿದರೆ ಅದು ಮೊದಲ ಅಂಕಿಯನ್ನಷ್ಟೇ ಓದುತ್ತಿತ್ತು. ನನ್ನ ಕಡೆ ಸರಿಮಾಡಿ ಸುಮ್ಮನಾಗಿದ್ದೆ. ಆಮೇಲೆ ಅವಳ ಫೋನ್ ಬಂತು.

"ನೀ ತಿದ್ದಿದ ತಪ್ಪೇ ನನ್ನ ಬೋರ್ಡಿನಾಗೂ ಅದ ಬೇ. ಎಷ್ಟು ಕಡಿ ಅಂತ ತಿದ್ದೋಣು? ಎರಡಕ್ಕೂ ಒಂದೇ ಕೋಡ್ ಮಾಡೋಣು, ಮನಿಗೆ ಬಾ."

ಭಾನುವಾರ ಬಸ್ಸು ಹತ್ತಿದೆ. ಕಲ್ಮಲ ದಾಟುವಷ್ಟರಲ್ಲಿ ಮನಸ್ಸಿನಲ್ಲೇ ಕೆಲಸ ಮುಗಿಸಿಬಿಟ್ಟಿದ್ದೆ.

ಮಧ್ಯಾಹ್ನಕ್ಕೆ ಎರಡನ್ನೂ ಸೇರಿಸಿ ಒಂದು ಮಾಡಿದೆವು. ಡಿಸ್ಕಿನಿಂದ ಎರಡೂ ಯಂತ್ರಗಳು ಎದ್ದವು. ಆದರೆ ಅವಳ ಬೋರ್ಡು ಮೊದಲು ನೆಟ್‌ವರ್ಕ್ ಕೇಬಲಿನಿಂದಲೂ, ಅಂದರೆ ಬೇರೆ ಕಂಪ್ಯೂಟರಿನಿಂದ ಸಿಸ್ಟಂ ತರಿಸಿಕೊಂಡೂ, ಏಳುತ್ತಿತ್ತು; ಅದು ನಿಂತೇಹೋಯಿತು. ಎಲ್ಲ ಸಾಧನಕ್ಕೂ ಡಿಸ್ಕಿನ ಹಾಗೆ ಭಾಗಗಳಿರುತ್ತವೆ ಎಂದು ನಮ್ಮ ಕೋಡ್ ನಂಬಿತ್ತು. ನೆಟ್‌ವರ್ಕಿಗೆ ಭಾಗಗಳೆಲ್ಲಿ?

"ನೆಟ್‌ವರ್ಕ್ ಆದ್ರ ಬ್ಯಾರೆ ದಾರಿ ಅಂತ ಒಂದು ಸಾಲು ಹಾಕೋಣು," ಎಂದೆ.

"ನಾಳಿ ಮತ್ತೊಂದು ಬರ್ತದ, ಮತ್ತೊಂದು ಸಾಲು ಹಾಕ್ತಿ. ಅದಕ್ಕ ಕೊನಿ ಎಲ್ಲದ?"

ನನಗೆ ಸಿಟ್ಟು ಬಂತು. ಲ್ಯಾಪ್‌ಟಾಪನ್ನು ನನ್ನತ್ತ ಎಳೆದುಕೊಂಡೆ. ಚಹಾ ತಂದ ಅವಳ ತಾಯಿ ನಮ್ಮ ಮುಖ ನೋಡಿ, "ಜಗಳ ಆಡಾಕತ್ತೀರೇನು? ಮೊದ್ಲು ಕುಡೀರಿ, ಆಮ್ಯಾಲೆ ಆಡ್ರಿ," ಎಂದರು. ನಗು ತಡೆಯಲಾಗಲಿಲ್ಲ.

ಚಹಾ ಕುಡಿಯುತ್ತಲೇ ಗೆಳತಿ ಹೇಳಿದಳು: "ಡಿಸ್ಕಿನ ಹೆಸರು ಡಿಸ್ಕಿನ ಕೋಡೇ ಓದಲಿ, ನೆಟ್‌ವರ್ಕಿಂದು ಅದರದ್ದೇ ಓದಲಿ. ನಡುವಿನ ಕೋಡ್ 'ಈ ಹೆಸರು ಯಾರ್ದು?' ಅಂತ ಕೇಳಿದ್ರ ಸಾಕು."

ಅವಳು ಹೇಳಿದ್ದು ಸರಿಯಿತ್ತು. ನಾನು ಬರೆದೆ, ಅವಳು ಪರೀಕ್ಷಿಸಿದಳು. ಸಂಜೆಗೆ ಬೋರ್ಡು ಕೇಬಲಿನಿಂದಲೂ ಎದ್ದಿತು.

ಕಳಿಸಿದ್ದನ್ನು, ಆ ಸಿಸ್ಟಂಗೆ ಬರುವ ತಿದ್ದುಪಡಿಗಳನ್ನು ನೋಡಿ ಒಪ್ಪುವ ದೂರದ ಹಿರಿಯರು ಎರಡು ಸಲ ವಾಪಸು ಮಾಡಿದರು, ನಾವು ತಿದ್ದಿ ಮತ್ತೆ ಕಳಿಸಿದೆವು. ಅದು ಒಪ್ಪಿಗೆಯಾದ ದಿನ ನಾನು ಪರೀಕ್ಷಾ ಕೆಲಸಕ್ಕೆ ದೇವದುರ್ಗದಲ್ಲಿದ್ದೆ. ಊಟದ ಹೊತ್ತಿಗೆ ಫೋನ್ ಬಂತು.

"ತಗೊಂಡ್ರು ಬೇ! ಹಳಿ ನಕಲೆಲ್ಲಾ ಅಳಿಸಿ ಹಾಕ್ಯಾರ!"

ಬರೆದದ್ದಕ್ಕಿಂತ ಅಳಿಸಿದ್ದೇ ಹೆಚ್ಚಾಗಿತ್ತು. ವರಾಂಡದಲ್ಲಿ ನಿಂತು ನಾನೊಬ್ಬಳೇ ನಕ್ಕೆ. ಬುತ್ತಿ ಬಿಚ್ಚುತ್ತಿದ್ದ ಸಹೋದ್ಯೋಗಿ, "ಏನ್ರೀ ಮೇಡಂ, ಮನ್ಯಾಗ ಏನರ ಖುಷಿ ಸುದ್ದಿ ಅದೇನ್ರಿ?" ಎಂದರು. ಹೌದೆಂದೆ. ಅವರು ತಮ್ಮ ಡಬ್ಬಿಯ ಹೋಳಿಗೆಯಲ್ಲಿ ಅರ್ಧ ಮುರಿದು ಕೊಟ್ಟರು.