ಪೊರ್ಬುಗಳ ಬಿಸಿಲ ನೀರು

ಮೊನ್ನೆ ನಮ್ಮ ಅಡಕೆ ಗೋದಾಮಿನ ಕಿಟಕಿಗೆ ಗಾಜು ಕೂರಿಸಲು ಬಂದವನು ತನ್ನ ಡಬ್ಬದ ಮುಚ್ಚಳ ತೆಗೆದ. ಸೀಮೆಸುಣ್ಣದ ಹುಡಿಗೆ ಅಗಸೆ ಎಣ್ಣೆ ಹಾಕಿ ಕಲಸಿದ ಪುಟ್ಟಿ. ಈಗ ಅದನ್ನು ಕೈಯಲ್ಲೇ ಕಲಸುವವರು ಕಡಿಮೆ. ಈತ ಹಳೆಯ ಕ್ರಮದವ. ಆ ಎಣ್ಣೆಯ ಕಟು ವಾಸನೆ ಮೂಗಿಗೆ ಬಡಿದದ್ದೇ ತಡ, ಶಿರಿಯದ ಹೊಳೆಬದಿಯ ಒಂದು ಸಣ್ಣ ಅಂಗಡಿ ಕಣ್ಣೆದುರು ಬಂತು. ಅದರೊಳಗೆ ಮೊಣಕಾಲಿನ ಮೇಲೆ ಗಾಜು ಇಟ್ಟುಕೊಂಡು ಕೂತ ಪೊರ್ಬುಗಳು...

ಕೊಂಕಣಿ ಮಾತಾಡುವ ಕ್ರಿಸ್ತುವರನ್ನು ತುಳುವರಾದ ನಾವು ಕರೆಯುತ್ತಿದ್ದದ್ದೇ ಹಾಗೆ. ಅವರ ಹೆಂಡತಿಯನ್ನು ಬಾಯಮ್ಮ ಎನ್ನುತ್ತಿದ್ದೆವು. ದೇವರ ಪಟಗಳಿಗೂ ಮದುವೆ ಫೋಟೋಗಳಿಗೂ ಗಾಜು ಹಾಕಿ ಕಟ್ಟು ಕೂರಿಸಿ ಕೊಡುವುದು ಪೊರ್ಬುಗಳ ಕಸುಬು. ರಾಜ್ಯ ವಿಂಗಡಣೆಯಲ್ಲಿ ಶಿರಿಯ ಕೇರಳಕ್ಕೆ ಹೋಗುವ ಮೊದಲಿನ ಕಾಲ ಅದು. ನಾನು ಮಂಗಳೂರಿನಿಂದ ಗಾಜು ತಂದು ಅಂಗಡಿ ಅಂಗಡಿಗೆ ಮಾರಲು ಶುರು ಮಾಡಿದ ಹೊಸತು. ಹಾಕಿದ ದುಡ್ಡು ಹಿಂದಕ್ಕೆ ಬರುವ ದಾರಿ ಕಾಣದೆ ಯಾವುದಕ್ಕೂ ಕೈ ಹಾಕದವ. ಬಾಯಮ್ಮ ತಮಾಷೆಗೆ ನನ್ನನ್ನು ‘ಸಾವ್ಕಾರ್ರೇ’ ಎನ್ನುತ್ತಿದ್ದರು. ನನ್ನ ಸಾವ್ಕಾರಿಕೆಯೆಂದರೆ ಬೈಹುಲ್ಲಿನ ನಡುವೆ ಇಟ್ಟ ಒಂದು ಪೆಟ್ಟಿಗೆ ಗಾಜು, ಅದರಲ್ಲೂ ಬರುವ ದಾರಿಯಲ್ಲಿ ಕೆಲವು ಒಡೆದಿರುತ್ತಿದ್ದವು.

ಅವರ ಬಾವಿ ಮಳೆಗಾಲದಲ್ಲಿ ಸಿಹಿ. ಬೇಸಗೆಯ ಪಗ್ಗು ತಿಂಗಳ ಬಿಸಿಲು ಏರಿತೆಂದರೆ ಕಡಲಿನ ನೀರು ಹೊಳೆಗೆ ನುಗ್ಗಿ, ಬಾವಿಯೂ ಬಾಯಿಗೆ ಇಡಲಾಗದಷ್ಟು ಉಪ್ಪಾಗುತ್ತಿತ್ತು. ಆಗ ಬಾಯಮ್ಮ ದೋಣಿಯಲ್ಲಿ ಆಚೆ ದಡಕ್ಕೆ ಹೋಗಿ ಸಿಹಿನೀರು ಹೊತ್ತು ತರಬೇಕು. ಆ ವರ್ಷ ಅವರ ಸೊಂಟ ಹಿಡಿದುಕೊಂಡಿತು. ಇನ್ನು ಕೊಡ ಹೊತ್ತರೆ ಮಲಗಿದಲ್ಲೇ ಆಗಬೇಕಾದೀತು ಎಂದರು ಡಾಕ್ಟರು. ಮನೆಯಲ್ಲಿ ಹೊರುವವರು ಬೇರೆ ಯಾರೂ ಇಲ್ಲ. ಪೊರ್ಬುಗಳಿಗೆ ಚಿಕ್ಕಂದಿನಿಂದ ಒಂದು ಕಾಲು ಸೊಟ್ಟ. ಬಾಯಮ್ಮನ ಅಣ್ಣ ಮಂಗಳೂರಿನಿಂದ ಬಂದು, “ಮನೆ ಮಾರಿ ನಮ್ಮಲ್ಲಿಗೆ ಬನ್ನಿ” ಎಂದು ಹಟ ಹಿಡಿದ. ಮಳೆ ಬರುವುದರೊಳಗೆ ನೀರಿಗೆ ಒಂದು ದಾರಿ ಆದರೆ ಉಳಿಯುವುದು, ಆಗದಿದ್ದರೆ ಹೊರಡುವುದು ಎಂದು ಮಾತಾಯಿತು.

ಅದೇ ದಿನಗಳಲ್ಲಿ ಒಬ್ಬ ಗಿರಾಕಿ ಮಾತೆಯ ಪಟವನ್ನು ಎದೆಗವಚಿಕೊಂಡು ಓಡಿ ಬಂದ. ನಾನು ಅಲ್ಲೇ ಇದ್ದೆ.

“ಪೊರ್ಬುಗಳೇ, ಮಾತೆ ಅಳ್ತಾ ಇದ್ದಾರೆ, ನೋಡಿ!”

ಗಾಜಿನ ಒಳಮೈಯಲ್ಲಿ ಹನಿಗಳು ಸಾಲಾಗಿ ಇಳಿಯುತ್ತಿದ್ದವು. ಪೊರ್ಬುಗಳು ಶಿಲುಬೆಯ ಗುರುತು ಮಾಡಿಕೊಂಡೇ ಕಟ್ಟು ಬಿಚ್ಚಿದರು. “ಅಳುವುದೂ ಇಲ್ಲ, ಎಂತದೂ ಇಲ್ಲ ಮಾರಾಯ. ಹಿಂದಿನ ರಟ್ಟು ಹಸಿ ಇತ್ತು. ನೀನು ಬಿಸಿಲಿಗೆ ಇಟ್ಟಿದ್ದಿ ಅಲ್ವಾ?” ಎಂದವರು, ಬೆರಳಲ್ಲಿ ಒಂದು ಹನಿ ತೆಗೆದು ನಾಲಿಗೆಗೆ ಹಚ್ಚಿದರು, ಇನ್ನೊಂದು ಹನಿಯನ್ನೂ ಹಚ್ಚಿ ನೋಡಿದರು. ಆ ರಟ್ಟಿಗೆ ಅಂಟು ಕಲಸಿದ್ದು ಬಾವಿಯ ಉಪ್ಪುನೀರಿನಲ್ಲಿ. ಹನಿಯಲ್ಲಿ ಉಪ್ಪಿರಲಿಲ್ಲ.

ವಾರ ಕಳೆದು ನಾನು ಹೋದಾಗ ಅಂಗಳದ ಮರಳಿನಲ್ಲಿ ಒಂದು ತಗ್ಗು ಸಿಮೆಂಟು ತೊಟ್ಟಿ ಎದ್ದಿತ್ತು. ಒಳಗೆಲ್ಲ ಮಸಿ ಬಳಿದು, ಕಡಲು ನುಗ್ಗಿದ ಬಾವಿಯ ನೀರನ್ನೇ ಸೇದಿ ತುಂಬಿಸಿದ್ದರು. ಮೇಲೆ ಓರೆಯಾಗಿ ಒಂದು ಪೂರ್ತಿ ಗಾಜು. ಅದರ ಬೆವರು ಇಳಿದು ಸೀಳಿದ ಅಡಕೆ ಮರದ ದಂಬೆಯಲ್ಲಿ ಹರಿದು ಚೆಂಬಿಗೆ ಬೀಳುತ್ತಿತ್ತು. ನಾನು ಕುಡಿದು ನೋಡಿದೆ. ಉಪ್ಪಿಲ್ಲ, ಆದರೆ ರುಚಿಯೂ ಇಲ್ಲ, ಬರೀ ಸಪ್ಪೆ.

“ಅದಕ್ಕೆ ಬಾವಿ ನೀರು ಸ್ವಲ್ಪ ಸೇರಿಸಬೇಕು, ಆಗ ನೀರಿನ ಹಾಗೆ ಆಗ್ತದೆ. ಒಂದು ಚೆಂಬು ಇದ್ದದ್ದು ಒಂದೂವರೆಯೂ ಆಗ್ತದೆ” ಎಂದರು ಬಾಯಮ್ಮ. ವ್ಯಾಪಾರದ ಬುದ್ಧಿ ನನಗೊಬ್ಬನಿಗೇ ಇರುವುದೆಂದು ತಿಳಿದಿದ್ದೆ!

ಒಂದು ಚೆಂಬಿನಿಂದ ಮನೆ ನಡೆಯುವುದಿಲ್ಲ. ತೊಟ್ಟಿಗಳ ಒಂದು ಸಾಲೇ ಬೇಕು. ನೆರೆಯ ಮನೆಯವರೂ ಬಂದು ನೋಡಿ, ತಮಗೂ ನೀರಿನ ಪಾಲು ಸಿಗುವುದಾದರೆ ಖರ್ಚಿಗೆ ಕೈ ಸೇರಿಸುತ್ತೇವೆ ಎಂದರು. ಬಾಯಮ್ಮ ಅಣ್ಣನಿಗೆ ಹೇಳಿ ಕಳಿಸಿದರು, ಸದ್ಯಕ್ಕೆ ಬರುವುದು ಬೇಡ ಎಂದು. ನಾನು ಮಾತ್ರ ಜಗಲಿಯಲ್ಲಿ ಕೂತು ಆಗುವುದಲ್ಲ ಎಂದು ತಲೆಯಾಡಿಸಿದೆ.

“ಅಷ್ಟು ಪೂರ್ತಿ ಗಾಜಿಗೆ ಎಷ್ಟಾಗ್ತದೆ ಗೊತ್ತುಂಟಾ ಪೊರ್ಬುಗಳೇ? ದೋಣಿಯವನಿಗೆ ಕೊಡುವುದು ಪುಡಿಗಾಸು.”

“ದೋಣಿಯವನ ಕೂಲಿ ವರ್ಷ ವರ್ಷ ಏರ್ತದೆ. ಬಿಸಿಲಿನ ಕೂಲಿ ಏರುವುದುಂಟಾ?”

“ಮಳೆಗಾಲ ಇಡೀ ನಿಮ್ಮ ಗಾಜು ದಂಡ ಅಲ್ವಾ?”

“ಮಳೆಗಾಲದಲ್ಲಿ ಬಾವಿ ಸಿಹಿ ಉಂಟಲ್ಲ ಮಾರಾಯ. ನೀರಿಲ್ಲದಾಗ ಬಿಸಿಲು ಉಂಟು, ಬಿಸಿಲಿಲ್ಲದಾಗ ನೀರು ಉಂಟು. ಇದಕ್ಕಿಂತ ಒಳ್ಳೆ ವ್ಯಾಪಾರ ನೀನು ಮಂಗಳೂರಲ್ಲಿ ನೋಡಿದ್ದೀಯಾ?”

ಒಳಗೆ ಮೀನು ಕೊಯ್ಯುತ್ತಿದ್ದ ಬಾಯಮ್ಮ ಕೂಗಿದರು: “ಸಾವ್ಕಾರ್ರೇ, ನಿಮ್ಮ ಲೆಕ್ಕದಲ್ಲಿ ಬಿಸಿಲೂ ಪುಕ್ಕಟೆ, ನನ್ನ ಸೊಂಟವೂ ಪುಕ್ಕಟೆ, ಅಲ್ವಾ?”

“ಹೊರುವುದಕ್ಕೆ ಒಬ್ಬಳನ್ನು ಇಟ್ಟರೆ ಆಯ್ತು ಬಾಯಮ್ಮ.”

“ಅವಳದ್ದು ಎಂತ, ಕಬ್ಬಿಣದ ಸೊಂಟವಾ?”

ಮೂವರೂ ನಕ್ಕೆವು. ಆಮೇಲೆ ಪೊರ್ಬುಗಳೇ ಉಪಾಯ ಹೇಳಿದರು. ನನ್ನಲ್ಲಿ ಒಡೆದು ಬಿದ್ದಿದ್ದ ಗಾಜುಗಳನ್ನು ಚೌಕವಾಗಿ ಕೊಯ್ದು, ತೆಳು ಮರದ ಪಟ್ಟಿಗಳ ನಡುವೆ ಪುಟ್ಟಿ ಹಾಕಿ ಜೋಡಿಸಿದರೆ ದೊಡ್ಡ ಗಾಜಿನ ಕೆಲಸ ಸಣ್ಣ ಗಾಜಿನಿಂದ ಆಗುತ್ತದೆ. ನನಗೂ ಖುಷಿ. ಎಸೆಯುವ ಮಾಲಿಗೆ ಬೆಲೆ ಬಂತು, ಅವರಿಗೂ ಕಾಲು ಭಾಗದ ಖರ್ಚಿನಲ್ಲಿ ಕೆಲಸವಾಯಿತು. ಇಬ್ಬರಿಗೂ ಲಾಭವಾಗುವ ಇಂಥ ವ್ಯಾಪಾರ ಅಪರೂಪ ಎಂದುಕೊಂಡು ಮನೆಗೆ ಹೋದೆ.

ತೊಟ್ಟಿಗಳು ಸಾಲಾಗಿ ಬೆವರಿದವು. ಮೊದಲ ಕೊಡ ತುಂಬಿದ ದಿನ ನೆರೆಯ ಹೆಂಗಸರೆಲ್ಲ ಸೇರಿದರು. ಒಬ್ಬಳು ಬಾಯಿಗೆ ಹಾಕಿಕೊಂಡವಳು ಹಾಗೇ ಮರಳಿಗೆ ಉಗಿದಳು. “ಇದಕ್ಕೆ ದೇವರ ಪಟದ ವಾಸನೆ ಮಾರಾಯ್ತಿ! ಕುಡಿದ್ರೆ ನಮ್ಮನ್ನೂ ಗೋಡೆಗೆ ನೇತುಹಾಕಬೇಕಾದೀತು.” ಎಲ್ಲರೂ ಬಿದ್ದು ಬಿದ್ದು ನಕ್ಕರು. ಪೊರ್ಬುಗಳು ಚೆಂಬು ಮೂಸಿ ನನ್ನ ಕೈಗೆ ಕೊಟ್ಟರು. ನಾನೂ ಮೂಸಿದೆ. ಇಬ್ಬರಿಗೂ ಏನೂ ಗೊತ್ತಾಗಲಿಲ್ಲ. ಅವರದು ಹಗಲಿಡೀ ಪುಟ್ಟಿಯಲ್ಲಿ ಆಡುವ ಕೈ. ನಾನು ಸುತ್ತುವುದೂ ಅಂಥ ಅಂಗಡಿಗಳಲ್ಲೇ. ಊರಿಗೆಲ್ಲ ಹೊಡೆಯುವ ವಾಸನೆ ನಮ್ಮಿಬ್ಬರ ಮೂಗಿಗೆ ವಾಸನೆಯೇ ಆಗಿರಲಿಲ್ಲ. ಒಂದೇ ಗಾಜಿನ ತೊಟ್ಟಿಯಲ್ಲಿ ಪುಟ್ಟಿ ಅಂಚಿಗೆ ಮಾತ್ರ ಇತ್ತು. ಇಲ್ಲಿ ಗೇಣಿಗೊಂದು ಸಂದು. ಕಾದ ಎಣ್ಣೆ ಹನಿಹನಿಯೊಂದಿಗೂ ಇಳಿಯುತ್ತಿತ್ತು.

ಪೊರ್ಬುಗಳು ಪುಟ್ಟಿ ಕೆರೆದು ಮೇಣ ಹಾಕಿದರು. ಬಿಸಿಲಿಗೆ ಅದು ಕರಗಿತು. ಸಿಮೆಂಟು ಹಾಕಿದರು, ಬಿರುಕು ಬಿಟ್ಟು ಆವಿಯೆಲ್ಲ ಹೊರಗೆ ಹೋಯಿತು. ಪೂರ್ತಿ ಗಾಜು ಕೊಳ್ಳಲು ಅವರಲ್ಲಿ ಗತಿಯಿಲ್ಲ, ಸಾಲಕ್ಕೆ ಕೊಡುವಷ್ಟು ಬಂಡವಾಳ ನನ್ನಲ್ಲೂ ಇಲ್ಲ. ಪಾಲಿಗೆ ಒಪ್ಪಿದ್ದ ಮನೆಗಳವರು ಒಬ್ಬೊಬ್ಬರಾಗಿ ಹಿಂದೆ ಸರಿದರು. ಬಾಯಮ್ಮ ಮಾತ್ರ ಅದೇ ನೀರಲ್ಲಿ ಗಂಜಿ ಬೇಯಿಸಿ ಉಣ್ಣುತ್ತಿದ್ದರು. ಯಾರೋ ಕೆಣಕಿದಾಗ, “ನನ್ನ ಗಂಡನ ಕೈಗೂ ಇದೇ ವಾಸನೆ. ಇಷ್ಟು ವರ್ಷ ಅದನ್ನು ಸಹಿಸಿಕೊಂಡವಳಿಗೆ ನೀರಿನದ್ದು ಎಂತ ದೊಡ್ಡದು?” ಎಂದುಬಿಟ್ಟರು.

ಆದರೆ ಪೊರ್ಬುಗಳಿಗೆ ಅದನ್ನು ಸಹಿಸಲಾಗಲಿಲ್ಲ. ಹೆಂಡತಿ ಉಸಿರು ಬಿಗಿಹಿಡಿದು ಚೆಂಬು ಎತ್ತುವುದನ್ನು ಅವರು ನೋಡಿದ್ದರು. ಮೊದಲ ಮಳೆ ಬಿದ್ದ ವಾರ ಮನೆ ಮಾರಿದರು. ಬಾವಿ ಆಗಲೇ ಸಿಹಿಯಾಗತೊಡಗಿತ್ತು... ಸಾಮಾನು ಹೊರಗಿಟ್ಟು ನಿಂತಾಗ ನನಗೆ ಹೇಳಿದ್ದು ಒಂದೇ ಮಾತು: “ಬಿಸಿಲು ಮೋಸ ಮಾಡಲಿಲ್ಲ ಮಾರಾಯ, ಸಂದು ಮೋಸ ಮಾಡಿತು.” ಮಂಗಳೂರಿನಲ್ಲಿ ಅವರು ಮತ್ತೆ ಅಂಗಡಿ ಇಡಲಿಲ್ಲವಂತೆ. ಕೆಲವು ವರ್ಷಗಳ ನಂತರ ಇಬ್ಬರೂ ತೀರಿಹೋದ ಸುದ್ದಿ ಗಾಜಿನ ಪೇಟೆಯಲ್ಲಿ ಯಾರೋ ಹೇಳಿದರು.

ಕಡಲಿನ ನೀರನ್ನು ಬಿಸಿಲಿನಿಂದ ಸಿಹಿ ಮಾಡುವ ಮಾತು ಈಗ ಪೇಪರಿನಲ್ಲಿ ಆಗಾಗ ಬರುತ್ತದೆ. ಬಿಸಿಲು ಪುಕ್ಕಟೆ ಎಂಬಲ್ಲಿಂದಲೇ ಅದಕ್ಕೆ ಹೊರಟವರ ಲೆಕ್ಕವೂ ಶುರು. ಅಂಥವರಿಗೆ ನನ್ನದೊಂದು ಮಾತು: ಬಿಸಿಲನ್ನು ಬಿಡಿ, ಅದನ್ನು ಹಿಡಿಯುವ ಸಾಮಾನಿನ ಲೆಕ್ಕ ಹಾಕಿ. ಅಗ್ಗದ ಮಾಲಿನಲ್ಲಿ ಸಂದೆಷ್ಟು ಎಂದು ನೋಡಿ. ಈಗ ನೀರು ಹೊರುವವರು ಯಾರು ಎಂದು ಕೇಳಿ, ಅವರ ಸೊಂಟವನ್ನೂ ಬೆಲೆಯಲ್ಲಿ ಹಿಡಿಯಿರಿ. ಆಗ ಗಾಜು ಅಷ್ಟು ದುಬಾರಿ ಅನ್ನಿಸುವುದಿಲ್ಲ. ಈ ಲೆಕ್ಕ ನನಗೆ ಬಂದದ್ದು ಗಾಜು ಬಿಟ್ಟು ಅಡಕೆ ವ್ಯಾಪಾರಕ್ಕೆ ಇಳಿದು ಕೈಯಲ್ಲಿ ನಾಲ್ಕು ಕಾಸು ಸೇರಿದ ಮೇಲೆ. ಅಷ್ಟರಲ್ಲಿ ಗಾಜು ಬೇಕಾದವರು ಇರಲಿಲ್ಲ.

ಕಿಟಕಿಯವನು ಪುಟ್ಟಿ ನಾದುತ್ತಾ ಕೇಳಿದ, “ಧಣಿಗಳೇ, ನನ್ನಲ್ಲಿ ತುಂಡು ಗಾಜು ಉಂಟು. ಜೋಡಿಸಿ ಹಾಕಿದ್ರೆ ಅರ್ಧಕ್ಕರ್ಧ ಕಡಿಮೆ ಆಗ್ತದೆ. ಹಾಕ್ಲಾ?”

ಅಡಕೆಯ ಗೋದಾಮಿನ ಕಿಟಕಿ, ತುಂಡು ಗಾಜು ಧಾರಾಳ ಸಾಕಿತ್ತು.

“ಬೇಡ, ಪೂರ್ತಿದೇ ಹಾಕು” ಎಂದೆ. ಅವನು ಹೇಳಿದ ಬೆಲೆಗೆ ಮರುಮಾತಾಡಲಿಲ್ಲ.