ಸ್ನಾನದ ಕುರ್ಚಿಯಿಂದ ಎದ್ದ ಕಾಕಾ

ಮೊನ್ನೆ ಗಂಗಾವತಿಯ ಔಷಧಿ ಅಂಗಡಿಯೊಂದರ ಮುಂದೆ ಮಡಚುವ ಸ್ನಾನದ ಕುರ್ಚಿಯೊಂದನ್ನು ಬಿಚ್ಚಿಟ್ಟಿದ್ದರು. ಸಣ್ಣ ಗಾಲಿಗಳು, ನೀರು ಇಳಿಯಲು ತೂತು ಬಿಟ್ಟ ಪ್ಲಾಸ್ಟಿಕ್ ಸೀಟು, ಬಕೆಟ್ಟಿನಿಂದ ನೀರೆಳೆಯುವ ಬ್ಯಾಟರಿ ಶವರ್. ಹೊಸ ರಬ್ಬರಿನ ವಾಸನೆ ಮೂಗಿಗೆ ಬಡಿದದ್ದೇ ತಡ, ನಮ್ಮ ಎದುರುಮನೆಯ ಕಾಕಾ ನೆನಪಾದರು...

ಕಾಕಾ ಭತ್ತದ ದಲಾಲಿ. ಬೆಳಗ್ಗೆ ಮಿಲ್ಲುಗಳ ಕಡೆ ಹೊರಟರೆ ಊಟಕ್ಕೆ, ನಿದ್ದೆಗೆ ಮಾತ್ರ ಮನೆ. ಲಕ್ವಾ ಹೊಡೆದು ಅವರ ಬಲಗೈ ಬಲಗಾಲು ಬಿದ್ದುಹೋದಾಗ ಅವರ ಹೆಂಡತಿ, ನಮ್ಮ ಕಾಕು, ಅಂಥದೇ ಕುರ್ಚಿ ತರಿಸಿದರು. ಬಚ್ಚಲು ಇಕ್ಕಟ್ಟು. ಹಿತ್ತಲಲ್ಲಿ ಹಳೆ ಸೀರೆ ಮರೆ ಕಟ್ಟಿ ಅಲ್ಲೇ ಜಳಕ. ಕುರ್ಚಿಯನ್ನು ಹೊಸ್ತಿಲು ದಾಟಿಸಲು ನಾನು ಹೋಗುತ್ತಿದ್ದೆ. ದಿನಾ ನಡೆಸಿರಿ, ಇಲ್ಲದಿದ್ದರೆ ಉಳಿದ ಬಲವೂ ಹೋಗುತ್ತದೆ ಎಂದು ಡಾಕ್ಟರು ಎಚ್ಚರಿಸಿದ್ದರು. ಕಾಕಾ ಮಾತ್ರ "ಆಗೂದಿಲ್ಲ" ಎಂದು ಕಣ್ಣು ಮುಚ್ಚಿಬಿಡುತ್ತಿದ್ದರು.

ನನಗೆ ಸಂಶಯ ಶುರುವಾದದ್ದು ಅವರ ಅಂಗಾಲು ನೋಡಿ. ನೆಲಕ್ಕೆ ತಾಗದ ಕಾಲಿಗೆ ಮಣ್ಣು ಹೇಗೆ ಹತ್ತುತ್ತದೆ? ಕಾಕು ಮೇಲಿನ ಗೂಡಿನಲ್ಲಿ ಬಚ್ಚಿಟ್ಟಿದ್ದ ಬೀಡಿ ಕಟ್ಟು ಖಾಲಿಯಾಗಿತ್ತು. ಯಾರು ಕೊಟ್ಟರೆಂದು ಕಾಕಾನನ್ನೇ ಕೇಳಿದೆ.

"ಯಾರೋ ಬಂದಿದ್ರವ್ವ," ಎಂದು ಮುಖ ತಿರುಗಿಸಿದರು.

ಆಮೇಲೆ ನಾನು ಅವರನ್ನು ನೋಡುತ್ತಲೇ ಇದ್ದೆ. ಒಂದು ದಿನ ಕಾಕು ಬಿಸಿನೀರು ತರಲು ಒಳಗೆ ಹೋಗಿದ್ದರು. ನಾನು ಹಿತ್ತಲ ಬಾಗಿಲಲ್ಲಿ ನಿಂತಿದ್ದೆ, ಗಾಳಿಗೆ ಮರೆಯ ಸೀರೆ ಸರಿಯಿತು. ಕಾಕಾ ಎದ್ದು ನಿಂತಿದ್ದರು! ಒದ್ದೆ ಲುಂಗಿಯಲ್ಲಿ ಕಾಲೆಳೆಯುತ್ತಾ ಹೋಗಿ, ಜಾರಿಬಿದ್ದ ಸೋಪು ಎತ್ತಿಕೊಂಡು ಬಂದು ಕೂತರು. ಕಾಲನ್ನು ಮೊದಲಿನಂತೆ ಇಳಿಬಿಟ್ಟರು. ನಮ್ಮ ಕಣ್ಣು ಕೂಡಿದವು. ಅವರು ಸೋಪು ಹಚ್ಚಿಕೊಳ್ಳತೊಡಗಿದರು. ಕಾಕು ಬಂದು ತೋಳು ಹಿಡಿದು ಎತ್ತಿದಾಗ ಕಾಕಾ ಸಣ್ಣಗೆ ನರಳಿದರು ಕೂಡ.

ನನಗೆ ಮೈಯೆಲ್ಲ ಉರಿಯಿತು. ಅವರನ್ನು ಎತ್ತಿ ಎತ್ತಿ ಕಾಕುವಿನ ಮಣಿಕಟ್ಟು ಬಾತಿತ್ತು. ಸಂಜೆ ಹೋಗಿ ಹೇಳಿಯೇಬಿಟ್ಟೆ: "ಕಾಕು, ಕಾಕಾಗ ನಡ್ಯಾಕ ಬರ್ತೈತಿ. ನಾ ಕಣ್ಣಾರೆ ನೋಡೀನಿ."

ಕಾಕು ಟವೆಲ್ ಹಿಂಡುವುದನ್ನು ನಿಲ್ಲಿಸಲಿಲ್ಲ. "ಗೊತ್ತೈತಿ."

"ಮತ್ತ ಸುಮ್ನ ಯಾಕ ಅದೀರಿ?"

"ಅಡ್ಡಾಡೂ ಮುಂದ ನನ್ನ ಕೂಡ ಒಂದು ಮಾತು ಆಡ್ಲಿಲ್ಲವ್ವ. ಈಗ ನೀರು ಹಾಕೂ ಮುಂದ ಸಣ್ಣವರಿದ್ದಾಗಿಂದ ಎಲ್ಲಾ ಹೇಳ್ತಾರ. ಎದ್ರ ಮತ್ತ ಹೋಗಿಬಿಡ್ತಾರ. ಅವರಿಗೂ ಹಿಂಗ ಕುಂತ ಮಾತಾಡೂದ ಬೇಕನಸ್ತೈತೇನೋ..."

"ಡಾಕ್ಟರ್ ಹೇಳಿದ್ದು?"

"ದೀಪಾವಳಿ ಮುಗೀಲಿ. ನಾನ ಎಬ್ಬಸ್ತೀನಿ."

ದೀಪಾವಳಿ ಮುಗಿಯಿತು. ಇನ್ನಷ್ಟು ದಿನ ಹೋದವು. ಕೊನೆಗೊಂದು ಬೆಳಗ್ಗೆ ಕಾಕು ಕುರ್ಚಿಯನ್ನು ಹಿತ್ತಲಲ್ಲೇ ಬಿಟ್ಟು ಬಂದು ಮಂಚದ ಮುಂದೆ ನಿಂತರು. ನಾನೂ ಅಲ್ಲಿದ್ದೆ.

"ಏಳ್ರಿ. ನನಗ ಎಲ್ಲಾ ಗೊತ್ತೈತಿ. ಇವತ್ತ ಜಳಕಕ್ಕ ನಡಕೋತ ಬರ್ರಿ."

ಕಾಕಾ ನನ್ನನ್ನೊಮ್ಮೆ ನೋಡಿದರು, ಕಾಕುವನ್ನೊಮ್ಮೆ ನೋಡಿದರು. ನಾಚಿದಂತೆ ನಕ್ಕು ಕಾಲೂರಿದರು. ಕಾಲು ಮಡಚಿಕೊಂಡಿತು. ಇದೂ ನಾಟಕವೇ ಅಂದುಕೊಂಡೆ. ಮತ್ತೆ ಊರಿದರು, ಮತ್ತೆ ಮಡಚಿತು. ಅವರ ಮುಖ ಬಿಳಿಚಿತು.

"ಬರವಲ್ದು..." ಎಂದರು. "ಖರೇನ ಬರವಲ್ದು."

ಕಾಕು ನೆಲದ ಮೇಲೆ ಕೂತು ಆ ಕಾಲನ್ನು ಮಡಿಲಿಗೆ ಎಳೆದುಕೊಂಡು ತಿಕ್ಕತೊಡಗಿದರು. ಎಷ್ಟು ಹೊತ್ತು ತಿಕ್ಕಿದರೋ... ಆಮೇಲೆ ಕಾಕಾ ಎದ್ದು ನಿಲ್ಲಲೇ ಇಲ್ಲ. ಬೇಸಿಗೆಯಲ್ಲಿ ತೀರಿಕೊಂಡರು.

ಈಗ ಕಾಕು ಮಂಡಿ ನೋವೆಂದು ಕೂತೇ ಇರುತ್ತಾರೆ. ನಾನು ಹೋದರೆ ಸಾಕು, ಕಾಕಾ ಹೇಳಿದ್ದ ಮಾತುಗಳನ್ನೆಲ್ಲ ತೆಗೆಯುತ್ತಾರೆ. ನೋವು ನಿಜವೋ, ನನ್ನನ್ನು ಕೂರಿಸಿಕೊಳ್ಳುವ ನೆಪವೋ? ಸಂಶಯ ಬರುತ್ತದೆ, ಆದರೆ ಕೇಳುವುದಿಲ್ಲ. "ಏಳ್ರಿ ಕಾಕು, ನಡಕೋತ ಹೇಳ್ರಿ," ಎಂದು ಕೈ ಹಿಡಿಯುತ್ತೇನೆ. ಬೈದುಕೊಳ್ಳುತ್ತಲೇ ಏಳುತ್ತಾರೆ. ಕಾಲುವೆಯವರೆಗೂ ಹೋಗುತ್ತೇವೆ.