ಗಾಳದಂಗಡಿಯೆಂದರೆ ಮಾಬ್ಲಣ್ಣನದು

ಚಿನ್ನದಂಗಡಿಯಲ್ಲಿ ನನಗೆ ನಿದ್ದೆ ಬರುತ್ತದೆ. ಸೀರೆಯಂಗಡಿಯಲ್ಲಿ ಕಾಲು ನೋಯುತ್ತದೆ. ಗಾಳದಂಗಡಿಯಲ್ಲಿ ಮಾತ್ರ ಎಷ್ಟು ಹೊತ್ತು ಬೇಕಾದರೂ ನಿಲ್ಲಬಲ್ಲೆ. ಹೀಗೆಂದು ಹೇಳಿಕೊಳ್ಳಲು ಮೊದಮೊದಲು ನಾಚಿಕೆಯಾಗುತ್ತಿತ್ತು. ಹೊನ್ನಾವರದ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುವ, ಊರೆಲ್ಲ 'ಅಕ್ಕೋರು' ಎಂದು ಕರೆಯುವ ಹೆಂಗಸು ಭಾನುವಾರ ಬೆಳಿಗ್ಗೆ ಶರಾವತಿಯ ದಡದಲ್ಲಿ ಗಾಳ ಹಿಡಿದು ಕೂರುತ್ತಾಳೆಂದರೆ ಜನ ಒಂದೋ ನಗುತ್ತಾರೆ, ಇಲ್ಲವೇ ಮನೆಯಲ್ಲಿ ಏನೋ ಜಗಳವಿರಬೇಕು ಎಂದುಕೊಳ್ಳುತ್ತಾರೆ. ಜಗಳವೇನಿಲ್ಲ. ನನ್ನ ಗಂಡ ಮೀನು ತಿನ್ನುವುದರಲ್ಲಿ ತೋರಿಸುವ ಶ್ರದ್ಧೆಯನ್ನು ನಾನು ಹಿಡಿಯುವುದರಲ್ಲಿ ತೋರಿಸುತ್ತೇನೆ, ಅಷ್ಟೇ.

ಗಾಳ ಕೊಳ್ಳಲು ಬಂದ ಹೆಂಗಸಿಗೆ ಅಂಗಡಿಯವರು ಕೇಳುವ ಮೊದಲ ಪ್ರಶ್ನೆ 'ಯಾರಿಗೆ?' ಎಂಬುದು. ಭಟ್ಕಳದಲ್ಲಿ ಒಂದು ಒಳ್ಳೆಯ ಅಂಗಡಿಯಿದೆ. ಗಾಜಿನ ಕಪಾಟು, ದುಬೈಯಿಂದ ತರಿಸಿದ ರಾಡು, ಮುಟ್ಟಿದರೆ ಕೈಬೆರಳಿನ ಗುರುತು ಬೀಳುವಂಥ ರೀಲು. ಅಂಗಡಿಯವರು ನವಾಯತಿಯಲ್ಲಿ ಆಡುತ್ತಿದ್ದ ಮಾತು ನಿಲ್ಲಿಸಿ, ಬಹಳ ಮರ್ಯಾದೆಯ ಕನ್ನಡದಲ್ಲಿ, ಮಗನಿಗೆ ಬೇಕಾಗಿತ್ತೇ ಎಂದು ಕೇಳಿದರು. ನನಗಿರುವುದು ಮಗಳು, ಅವಳಿಗೆ ಮೀನಿನ ವಾಸನೆಯೇ ಆಗದು. ಕುಮಟೆಯಲ್ಲಿ ಇನ್ನೊಂದು ಅಂಗಡಿಯವರು ಯಜಮಾನರನ್ನೇ ಕಳಿಸಿಕೊಡಿ, ಅವರಿಗೆ ಸರಿಯಾಗಿ ಹೇಳುತ್ತೇನೆ ಎಂದರು. ಯಜಮಾನರಿಗೆ ಗಾಳಕ್ಕೂ ಸೇಫ್ಟಿ ಪಿನ್ನಿಗೂ ವ್ಯತ್ಯಾಸ ತಿಳಿಯದು. ಇಬ್ಬರೂ ಒಳ್ಳೆಯವರೇ, ಅವರ ಸಾಮಾನೂ ಒಳ್ಳೆಯದೇ. ಆದರೂ ಎರಡೂ ಕಡೆಯಿಂದ ನಾನು ಬರಿಗೈಯಲ್ಲಿ ಬಂದೆ.

ಆಮೇಲೆ ನಮ್ಮೂರಿನಲ್ಲೇ, ಬಂದರಿಗಿಳಿಯುವ ದಾರಿಯಲ್ಲಿ, ಮಾಬ್ಲಣ್ಣನ ಅಂಗಡಿ ಕಂಡಿತು. ಹಗ್ಗ, ಬಕೆಟ್ಟು, ಬಲೆಗೆ ಕಟ್ಟುವ ಸೀಸ, ಇವುಗಳ ನಡುವೆ ಎಲ್ಲೋ ಗಾಳ. ಹೊರಗೆ ಜಗಲಿಯ ಮೇಲೆ ಒಂದು ಬೆಂಚು, ಬೆಂಚಿನ ತುಂಬ ಜನ. ನಾನು ಗಾಳ ಬೇಕು ಎಂದೆ. ಮಾಬ್ಲಣ್ಣ ಕನ್ನಡಕದ ಮೇಲಿನಿಂದ ನೋಡಿ ಕೇಳಿದ್ದು ಒಂದೇ ಮಾತು: "ಯಾವ ನೀರಿಗೆ ಅಕ್ಕೋರೇ? ಹೊಳೆಗಾ, ಸಮುದ್ರಕ್ಕಾ?"

ಯಾರಿಗೆ ಎಂದಲ್ಲ, ಯಾವ ನೀರಿಗೆ ಎಂದು. ಅವತ್ತಿನಿಂದ ನಾನು ಆ ಅಂಗಡಿಯ ಗಿರಾಕಿ.

ಈಚೆಗೆ ಮೊಬೈಲಿನಲ್ಲಿ ಪರದೇಶದ ಗಾಳದಂಗಡಿಗಳನ್ನು ನೋಡುವ ಚಟ ಹತ್ತಿದೆ. ಅಲ್ಲಿಯವರು ಎರೆಯ ಬದಲು ನೊಣ ಕಟ್ಟುತ್ತಾರೆ. ನಿಜವಾದ ನೊಣವಲ್ಲ, ಹಕ್ಕಿಯ ಪುಕ್ಕ, ಮೊಲದ ಕೂದಲು, ಮಿಂಚುವ ದಾರ ಎಲ್ಲ ಸೇರಿಸಿ ಗಾಳದ ಮೇಲೆ ಸುತ್ತಿ ಮಾಡಿದ ನೊಣ. ಒಂದೊಂದು ಹೊಳೆಗೆ, ಒಂದೊಂದು ತಿಂಗಳಿಗೆ ಬೇರೆ ಬೇರೆ ನೊಣ. ಅಂಗಡಿಯಲ್ಲಿ ಮರದ ನೆಲ, ಕಾಫಿಯ ಯಂತ್ರ, ಬಾಗಿಲಲ್ಲಿ ಮಲಗಿದ ನಾಯಿ. ನೋಡಿ ಸಂತೋಷವಾಯಿತು, ಆದರೆ ಹೊಟ್ಟೆಕಿಚ್ಚು ಆಗಲಿಲ್ಲ. ನಾಯಿ ನಮ್ಮಲ್ಲೂ ಇದೆ, ಎರಡು. ಕಾಫಿ ಇಲ್ಲದಿದ್ದರೂ ಎದುರಿನ ಹೋಟೆಲಿನಿಂದ ಚಾ ಬರುತ್ತದೆ. ನೊಣಗಳಿಗಂತೂ ಬಂದರಿನ ಬಳಿ ಬರವಿಲ್ಲ, ಅವನ್ನು ಕಟ್ಟುವ ಕಷ್ಟವೂ ಇಲ್ಲ.

ತಮಾಷೆ ಇರಲಿ. ಒಳ್ಳೆಯ ಗಾಳದಂಗಡಿಯನ್ನು ಅಲ್ಲಿ ಏನು ಮಾರುತ್ತಾರೆ ಎನ್ನುವುದರಿಂದ ಅಳೆಯಬಾರದು, ಏನು ಮಾರುವುದಿಲ್ಲ ಎನ್ನುವುದರಿಂದ ಅಳೆಯಬೇಕು. ಘಟ್ಟದ ಮೇಲೆ ಮಳೆಯಾಗಿ ಹೊಳೆಯ ನೀರು ಕೆಂಪಾಗಿ ಮೀನು ಎರೆ ಮುಟ್ಟದ ದಿನ ನೀವು ಮಾಬ್ಲಣ್ಣನ ಹತ್ತಿರ ಏನು ಕೇಳಿದರೂ ಅವನು ಕೊಡುವುದಿಲ್ಲ. ಕೈಯಲ್ಲಿ ನೋಟು ಹಿಡಿದು ನಿಂತ ಗಿರಾಕಿಗೆ ಇವತ್ತು ಎಂತಕ್ಕೆ, ನಾಲ್ಕು ದಿನ ಬಿಟ್ಟು ಬನ್ನಿ ಎಂದು ಹೇಳಿ ಕಳಿಸುವ ವ್ಯಾಪಾರಿಯನ್ನು ನೀವು ಬೇರೆಲ್ಲಿ ಕಂಡಿದ್ದೀರಿ? ನನ್ನ ಮಟ್ಟಿಗೆ ಕಾರವಾರದಿಂದ ಮಂಗಳೂರಿನವರೆಗೆ ಅಂಥ ಇನ್ನೊಂದು ಅಂಗಡಿಯಿಲ್ಲ. ನಾನು ಎಲ್ಲವನ್ನೂ ನೋಡಿಲ್ಲ, ನೋಡುವ ಅಗತ್ಯವೂ ಕಾಣುವುದಿಲ್ಲ.

ಅಲ್ಲಿಯ ಶಿಷ್ಟಾಚಾರವೂ ಬೇರೆಯೇ. ಗಾಳ ಹಿಡಿದು ಹೊರಟವನನ್ನು ಎಲ್ಲಿಗೆ ಎಂದು ಕೇಳಬಾರದು. ಕೇಳಿದರೆ ಅವತ್ತು ಮೀನು ಸಿಗುವುದಿಲ್ಲ. ವಾಪಸು ಬಂದವನನ್ನು ಕೇಳಬಹುದು, ಕೇಳಲೇಬೇಕು. ಯಾವ ಹೊತ್ತಿಗೆ ಸಿಕ್ಕಿತು, ಎರೆಗೆ ಶೆಟ್ಲಿ, ಅಂದರೆ ಸಿಗಡಿ, ಕಟ್ಟಿದ್ದೋ ತಾರ್ಲೆ ಮೀನಿನ ತುಂಡು ಕಟ್ಟಿದ್ದೋ, ಗಾಳ ಎಷ್ಟನೆಯ ನಂಬರಿನದು, ಇವೆಲ್ಲವನ್ನೂ ಅವನು ಸತ್ಯವಾಗಿ ಹೇಳುತ್ತಾನೆ. ಎಲ್ಲಿ ಸಿಕ್ಕಿತು ಎಂಬುದನ್ನು ಮಾತ್ರ ಸುಳ್ಳು ಹೇಳುತ್ತಾನೆ. ಕೇಳಿದವರು ಅದು ಸುಳ್ಳೆಂದು ತಿಳಿದೇ ಗಂಭೀರವಾಗಿ ತಲೆಯಾಡಿಸುತ್ತಾರೆ. ಸೇತುವೆಯ ಬುಡದಲ್ಲಿ ಎಂದು ಒಬ್ಬ ಹೇಳಿದನೆಂದರೆ ಮರುದಿನ ಸೇತುವೆಯ ಬುಡಕ್ಕೆ ಯಾರೂ ಹೋಗುವುದಿಲ್ಲ. ಇದರಲ್ಲಿ ಮೋಸವಿಲ್ಲ, ಯಾರೂ ಮೋಸ ಹೋಗುವುದಿಲ್ಲವಲ್ಲ.

ಇತಿಹಾಸ ಹೇಳುವವಳಾದ್ದರಿಂದ ನನಗೆ ಇದರಲ್ಲಿ ಊರಿನ ಪರಂಪರೆಯೇ ಕಾಣುತ್ತದೆ. ಹೊನ್ನಾವರ ಹಳೆಯ ಬಂದರು. ಕಾಳುಮೆಣಸಿಗಾಗಿ ಕಡಲು ದಾಟಿ ಬಂದವರು ಇಲ್ಲಿ ಹಡಗು ನಿಲ್ಲಿಸುತ್ತಿದ್ದರು. ಈ ಮೆಣಸು ಎಲ್ಲಿ ಬೆಳೆಯುತ್ತದೆ ಎಂದು ಅವರು ಕೇಳಿಯೇ ಇರಬೇಕು. ನಮ್ಮ ಹಿರಿಯರು ಮೆಣಸಿನ ರುಚಿ, ತೂಕ, ಒಣಗಿಸುವ ಬಗೆ ಎಲ್ಲವನ್ನೂ ಸರಿಯಾಗಿ ವಿವರಿಸಿ, ಜಾಗದ ಮಾತು ಬಂದಾಗ ಯಾವುದೋ ದಿಕ್ಕಿಗೆ ಕೈ ತೋರಿಸಿರುತ್ತಾರೆ ಎಂಬುದು ನನ್ನ ಊಹೆ. ಪಠ್ಯಪುಸ್ತಕದಲ್ಲಿ ಇದಿಲ್ಲ. ಬೆಂಚಿನ ಮೇಲೆ ಇದೆ.

ಆದರೆ ಆ ಬೆಂಚಿನ ವಿಷಯದಲ್ಲಿ ನನಗೊಂದು ದುಃಖವಿತ್ತು. ನನಗೆ ಯಾರೂ ಸುಳ್ಳು ಹೇಳುತ್ತಿರಲಿಲ್ಲ.

ಅಂಗಡಿಯಲ್ಲಿ ಎಲ್ಲರಿಗಿಂತ ಒಳ್ಳೆಯ ಗಾಳಗಾರ ನಾಗೇಶ. ರಿಕ್ಷಾ ಓಡಿಸುತ್ತಾನೆ, ಒಂದು ಕಾಲದಲ್ಲಿ ನನ್ನ ವಿದ್ಯಾರ್ಥಿ. ಅವನು ಕೊಕ್ಕರ ಮೀನು ಹಿಡಿದು ತಂದ ದಿನ ಬೆಂಚಿನವರಿಗೆಲ್ಲ ಒಂದು ಜಾಗ ಹೇಳಿ, ನಾನು ಕೇಳಿದ ಕೂಡಲೇ ಎದ್ದು ನಿಂತು, ದನಿ ತಗ್ಗಿಸಿ ನಿಜವಾದ ಜಾಗ ಹೇಳಿಬಿಡುತ್ತಿದ್ದ. "ನಿಮ್ಮ ಹತ್ರ ಸುಳ್ಳು ಹೇಳೂಕೆ ಬರೂದಿಲ್ಲ ಅಕ್ಕೋರೇ" ಎನ್ನುತ್ತಿದ್ದ.

ಲಾಭವೇ ಆಯಿತಲ್ಲ ಎಂದು ನೀವು ಕೇಳಬಹುದು. ನಾನೂ ಕೆಲವು ದಿನ ಹಾಗೆಯೇ ತಿಳಿದು ಹಿಗ್ಗಿದ್ದೆ. ಆಮೇಲೆ ಅರ್ಥವಾಯಿತು. ಅದು ಮರ್ಯಾದೆಯಷ್ಟೇ ಅಲ್ಲ. ನಾನು ಅಲ್ಲಿಗೆ ಹೋದರೂ ಮೀನಿಗೇನೂ ಅಪಾಯವಿಲ್ಲ ಎಂಬ ಭರವಸೆಯೂ ಹೌದು. ನಾನು ಅವರ ಲೆಕ್ಕದಲ್ಲಿ ಇರಲಿಲ್ಲ. ನಾನು ಬಂದರೆ ಬೀಡಿ ಆರುತ್ತಿತ್ತು, ಬೆಂಚಿನ ತುದಿ ಖಾಲಿಯಾಗುತ್ತಿತ್ತು, ಮಾತು ಶಾಲೆಯ ಕಡೆಗೆ ತಿರುಗುತ್ತಿತ್ತು. ಹಿರಿಯ ಅಧಿಕಾರಿಗಳು ಶಾಲೆಗೆ ಬಂದಾಗ ನಾವು ಸ್ಟಾಫ್ ರೂಮಿನಲ್ಲಿ ಆಡುತ್ತೇವಲ್ಲ, ಅಂಥ ಮಾತು. ಇಷ್ಟು ವಯಸ್ಸಿನಲ್ಲಿ ನನಗೆ ಬೇರೆ ಬಡ್ತಿ ಬೇಕಾಗಿರಲಿಲ್ಲ. ನಾಗೇಶನ ಬಾಯಿಂದ ಒಂದು ಸುಳ್ಳು ಬೇಕಾಗಿತ್ತು.

ತಪ್ಪು ನನ್ನದೂ ಇತ್ತು. ಒಮ್ಮೆ ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲಾ ಗಿಡಗಳ ಹಿಂದಿನ ಒಂದು ಬಂಡೆಯ ಬಳಿ ನನಗೆ ಒಳ್ಳೆಯ ಕೊಕ್ಕರ ಸಿಕ್ಕಿತು. ಅಂಗಡಿಯಲ್ಲಿ ಎಲ್ಲಿ ಎಂದು ಕೇಳಿದರು. ನಾನು ಬಂಡೆ, ಗಿಡ, ದಾರಿ ಎಲ್ಲವನ್ನೂ ನಕ್ಷೆ ಬಿಡಿಸುವ ಹಾಗೆ ವಿವರಿಸಿದೆ. ಬೆಂಚು ಗಾಬರಿಯಿಂದ ಕೇಳಿಸಿಕೊಂಡಿತು. ಮುಂದಿನ ಭಾನುವಾರ ನಾನು ಹೋಗುವಾಗ ಅಲ್ಲಿ ಕಾಲಿಡಲು ಜಾಗವಿಲ್ಲ. ನಾಗೇಶ ಎದ್ದು, ಬಹಳ ವಿನಯದಿಂದ, ನನ್ನದೇ ಬಂಡೆಯ ಮೇಲೆ ನನಗೆ ಸ್ವಲ್ಪ ಜಾಗ ಮಾಡಿಕೊಟ್ಟ.

ಈ ವರ್ಷ ಮಳೆ ಮುಗಿದು ನೀರು ತಿಳಿಯಾದ ಮೇಲೆ, ಹಳದೀಪುರದ ಕಡೆಯ ಗಜನಿಗೆ ಹೋದೆ. ಗಜನಿಯೆಂದರೆ ಉಬ್ಬರದಲ್ಲಿ ಉಪ್ಪುನೀರು ನುಗ್ಗುವ ಗದ್ದೆಬಯಲು. ಅದರ ಕಟ್ಟಿನ ತೂಬಿನ ಬಳಿ ನೀರು ಇಳಿಯುವಾಗ ದೊಡ್ಡ ಮೀನು ಕಾಯುತ್ತದೆ ಎಂದು ಅಪ್ಪ ಹೇಳುತ್ತಿದ್ದರು. ಕಾಯುತ್ತಿತ್ತು. ಕುರುಡಿ ಮೀನು; ತೂಬಿನಿಂದ ಅದನ್ನು ದಡಕ್ಕೆಳೆಯುವಷ್ಟರಲ್ಲಿ ನಾನು ಮೊಣಕಾಲಿನವರೆಗೆ ಕೆಸರಿನಲ್ಲಿದ್ದೆ. ಸ್ಕೂಟರಿನ ಮುಂದೆ ಅದನ್ನಿಟ್ಟುಕೊಂಡು ಮನೆಗೆ ಹೋಗುವ ಬದಲು ನೇರ ಅಂಗಡಿಗೆ ಬಂದೆ. ಸುಳ್ಳೇಕೆ, ತೋರಿಸಲಿಕ್ಕೇ ಬಂದೆ.

ಬೆಂಚು ಪೂರ್ತಿ ಎದ್ದು ನಿಂತಿತು, ಈ ಸಲ ಮೀನಿಗೆ. ಮಾಬ್ಲಣ್ಣ ಸೀಸ ತೂಗುವ ತಕ್ಕಡಿ ತಂದ. ಹೊತ್ತು ಕೇಳಿದರು, ಹೇಳಿದೆ. ಎರೆ ಕೇಳಿದರು, ಜೀವಂತ ಶೆಟ್ಲಿ ಎಂದೆ. ಆಮೇಲೆ ನಾಗೇಶ ಕೇಳಿದ: "ಎಲ್ಲಿ ಸಿಕ್ತು ಅಕ್ಕೋರೇ?"

ಸುಳ್ಳು ಹೇಳಬೇಡಿ ಎಂದು ವರ್ಷಗಟ್ಟಲೆ ಮಕ್ಕಳಿಗೆ ಹೇಳಿದ ಬಾಯಿ ನನ್ನದು. ಆದರೂ ಹೇಳಿದೆ. "ಧಾರೇಶ್ವರದಲ್ಲಿ. ದೇವಸ್ಥಾನದ ಹತ್ರ, ಸಮುದ್ರದ ಬದಿಗೆ."

ಎಲ್ಲರ ಕಣ್ಣೂ ನನ್ನ ಕಾಲಿನ ಮೇಲೆ. ಧಾರೇಶ್ವರದಲ್ಲಿರುವುದು ಬಿಳಿಯ ಮರಳು, ನಮ್ಮ ಕಡೆಯ ಮಾತಿನಲ್ಲಿ ಹೊಯ್ಗೆ. ನನ್ನ ಸೀರೆಯ ಅಂಚಿಗೂ ಚಪ್ಪಲಿಗೂ ಮೆತ್ತಿದ್ದು ಗಜನಿಯ ಕಪ್ಪು ಕೆಸರು. ಸಮಾಜ ವಿಜ್ಞಾನದ ಅಕ್ಕೋರು ಮಣ್ಣಿನ ವಿಧಗಳಲ್ಲೇ ಸಿಕ್ಕಿಬಿದ್ದಿದ್ದರು. ಮಾಬ್ಲಣ್ಣ ಒಳಗೆ ಹೋಗಿ ಒಂದು ಚೊಂಬು ನೀರು ತಂದು ನನ್ನ ಮುಂದಿಟ್ಟ.

"ಕಾಲು ತೊಳ್ಕಳಿ ಅಕ್ಕೋರೇ. ಧಾರೇಶ್ವರದ ಹೊಯ್ಗೆ ಬೇಗ ಹೋಗೂದಿಲ್ಲ."

ಯಾರೂ ನಗಲಿಲ್ಲ. ಎಲ್ಲರೂ ಗಂಭೀರವಾಗಿ ತಲೆಯಾಡಿಸಿದರು. ನಾನು ಕಾಲು ತೊಳೆದುಕೊಂಡು, ಮೊದಲ ಬಾರಿಗೆ ಆ ಬೆಂಚಿನ ನಡುವೆ ಕುಳಿತು ಚಾ ಕುಡಿದೆ. ನನಗಾಗಿ ಯಾರೂ ಬೀಡಿ ಆರಿಸಲಿಲ್ಲ. ಹೊಗೆಗೆ ಕೆಮ್ಮು ಬಂತು, ಆದರೂ ಏಳಲಿಲ್ಲ.

ಹದಿನೈದು ದಿನ ಕಳೆದು ನಾಗೇಶ ರಿಕ್ಷಾದಿಂದ ಒಂದು ದೊಡ್ಡ ಕೊಕ್ಕರ ಇಳಿಸಿದ. ಎಲ್ಲಿ ಸಿಕ್ಕಿತೋ ಎಂದು ನಾನೇ ಕೇಳಿದೆ. ಅವನು ಎದ್ದು ನಿಲ್ಲಲಿಲ್ಲ, ದನಿ ತಗ್ಗಿಸಲಿಲ್ಲ. ನನ್ನ ಮುಖವನ್ನೇ ನೋಡುತ್ತ ಹೇಳಿದ: "ಕತಗಾಲದಲ್ಲಿ."

ಕತಗಾಲ ಶಿರಸಿಯ ದಾರಿಯಲ್ಲಿದೆ, ಅಡಿಕೆ ತೋಟಗಳ ನಡುವೆ. ಉಪ್ಪುನೀರಿನ ಕೊಕ್ಕರ ಅಲ್ಲಿಗೆ ಹೋಗಬೇಕಾದರೆ ಕುಮಟೆಯಲ್ಲಿ ಬಸ್ಸು ಹತ್ತಬೇಕು. ನಾನು ಹೌದಾ ಎಂದೆ, ಎರೆ ಯಾವುದೆಂದು ವಿಚಾರಿಸಿದೆ, ಗಂಭೀರವಾಗಿ ತಲೆಯಾಡಿಸಿದೆ.

ಮನೆಗೆ ಬಂದು ಗಂಡನಿಗೆ ಹೇಳಿದೆ, ನಾಗೇಶ ಇವತ್ತು ನನಗೆ ಸುಳ್ಳು ಹೇಳಿದ ಎಂದು. ಅವರಿಗೆ ಸಿಟ್ಟೇ ಬಂತು. ಪಾಠ ಹೇಳಿಕೊಟ್ಟ ಅಕ್ಕೋರಿಗೇ ಸುಳ್ಳಾ, ನಾನು ಅವನ ಹತ್ತಿರ ಮಾತಾಡುತ್ತೇನೆ ಎಂದು ಅಂಗಿ ಹಾಕಿಕೊಳ್ಳಲು ಹೊರಟರು. ನಾನು ಅವರನ್ನು ಕೂರಿಸಿ, ಒಳಗೆ ಹೋಗಿ ಪಾಯಸಕ್ಕಿಟ್ಟೆ.